ನಮ್ಮೂರಿನ ಪಾಲೆಷ್ಟು?

ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಯಾವುದೇ ಚಹಾದಂಗಡಿಯಲ್ಲಿ ಸಂಜೆಯ ಹೊತ್ತು ಕುಳಿತು ನೋಡಿ. ಮಾತು ಮಳೆಯಿಂದ ಶುರುವಾಗಿ ತೊಗರಿಯ ಧಾರಣೆಗೆ ಬಂದು, ಅಲ್ಲಿಂದ ಯಾರದೋ ಮಗಳ ನಿಶ್ಚಯದ ಕಡೆಗೆ ಹೊರಳಿ, ಎರಡನೆಯ ಚಹಾ ಬರುವಷ್ಟರಲ್ಲಿ ತಪ್ಪದೆ ಇತಿಹಾಸಕ್ಕೆ ಬಂದು ನಿಂತಿರುತ್ತದೆ. ಶಾಲೆಯಲ್ಲಿ ಇತಿಹಾಸದ ತಾಸೆಂದರೆ ನಿದ್ದೆಯ ತಾಸು ಎಂದು ತಿಳಿದವರೂ ಐವತ್ತು ದಾಟಿದ ಮೇಲೆ ಆದಿಲಶಾಹಿ, ಚಾಲುಕ್ಯ, ಕಲ್ಯಾಣ ಎಂಬ ಮಾತು ಕಿವಿಗೆ ಬಿದ್ದೊಡನೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಈ ವಾದಗಳಿಗೆ ವಿಷಯಸೂಚಿಯಿಲ್ಲ, ಅಧ್ಯಕ್ಷರಿಲ್ಲ, ಪುಣ್ಯಕ್ಕೆ ವಂದನಾರ್ಪಣೆಯೂ ಇಲ್ಲ. ಪುರಾಣ ಎಲ್ಲಿ ಮುಗಿದು ಇತಿಹಾಸ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯುವವರೂ ಇಲ್ಲದ ಕಾರಣ ಪರಶುರಾಮನೂ ಇಮ್ಮಡಿ ಪುಲಿಕೇಶಿಯೂ ಒಂದೇ ಬೆಂಚಿನ ಮೇಲೆ ಒತ್ತೊತ್ತಿಗೆ ಕೂಡುತ್ತಾರೆ.

ಇಂಥ ವಾದಗಳನ್ನು ಬಹುಕಾಲ ಕೇಳಿದ ಮೇಲೆ ನನಗೆ ಅನ್ನಿಸಿದ್ದೇನೆಂದರೆ, ನಮ್ಮ ಕಡೆಯವರ ಜಗಳವೆಲ್ಲ ಇತಿಹಾಸದಲ್ಲಿ ತಮ್ಮೂರಿಗೆ ಬರಬೇಕಾದ ಪಾಲಿನದು. ಅಣ್ಣತಮ್ಮಂದಿರು ಹೊಲದ ವಾಟಣಿಗೆ ಕುಳಿತಾಗ ಎಕರೆಗಳ ಲೆಕ್ಕ ಸರಾಗವಾಗಿ ಮುಗಿದು, ಬದುವಿನ ಮೇಲಿನ ಬೇವಿನ ಗಿಡ ಯಾರಿಗೆ ಎಂಬಲ್ಲಿ ಮಾತು ಸಿಕ್ಕಿಕೊಳ್ಳುವ ಹಾಗೆ, ಸಾಮ್ರಾಜ್ಯಗಳ ಏಳುಬೀಳಿನಲ್ಲಿ ಒಮ್ಮತವಿದ್ದವರಿಗೂ ಊರಿನ ಹೆಸರು ಬಂದ ಕೂಡಲೇ ದನಿ ಏರುತ್ತದೆ.

ತಾಳಿಕೋಟೆಯ ಯುದ್ಧವನ್ನೇ ತೆಗೆದುಕೊಳ್ಳಿ. 1565ರ ಜನವರಿಯಲ್ಲಿ ವಿಜಯಪುರ, ಅಹಮದನಗರ, ಗೋಲ್ಕೊಂಡ, ಬೀದರ ಸುಲ್ತಾನರು ಒಂದಾಗಿ ವಿಜಯನಗರದ ಮೇಲೆ ಬಿದ್ದರು, ಅಳಿಯ ರಾಮರಾಯ ರಣದಲ್ಲಿ ಹತನಾದ, ರಾಜಧಾನಿ ಹಾಳುಬಿತ್ತು. ಇಷ್ಟರ ಬಗ್ಗೆ ಅಂಗಡಿಯಲ್ಲಿ ಯಾರದೂ ತಕರಾರಿಲ್ಲ. ತಕರಾರಿರುವುದು ಹೆಸರಿಗೆ. ಸುಲ್ತಾನರ ದಂಡು ತಾಳಿಕೋಟೆಯಲ್ಲಿ ಬೀಡು ಬಿಟ್ಟಿತ್ತೇ ಹೊರತು ಕಾದಾಟ ನಡೆದದ್ದು ಅಲ್ಲಲ್ಲ, ಕೃಷ್ಣೆಯ ಕಡೆಗೆ ಎಂದು ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಹಾಗಾಗಿ ಅದಕ್ಕೆ ರಕ್ಕಸಗಿ–ತಂಗಡಗಿ ಯುದ್ಧವೆಂಬ ಹೆಸರೂ ಇದೆ, ಬನ್ನಿಹಟ್ಟಿಯ ಯುದ್ಧವೆಂಬ ಹೆಸರೂ ಇದೆ. ಮುದ್ದೇಬಿಹಾಳ ಕಡೆಯ ನಿವೃತ್ತ ಮಾಸ್ತರರೊಬ್ಬರು ಈ ವಿಷಯ ಬಂದಾಗ ಬಾಯಿಂದ ಮಾತಾಡುವುದಿಲ್ಲ. ಟೇಬಲ್ಲಿನ ಮೇಲೆ ಚೆಲ್ಲಿದ ಚಹಾದಲ್ಲಿ ತೋರುಬೆರಳು ಅದ್ದಿ, ಎಡದಿಂದ ಬಲಕ್ಕೆ ಸ್ವಲ್ಪ ಡೊಂಕಾಗಿ ಒಂದು ದಪ್ಪ ಗೆರೆ ಎಳೆಯುತ್ತಾರೆ, ಅದು ಕೃಷ್ಣಾ. ಅದರ ಮೇಲುಗಡೆ ಒಂದು ಸಣ್ಣ ಗೆರೆ, ಅದು ಡೋಣಿ. ಡೋಣಿಯ ದಂಡೆಗೆ ತಮ್ಮ ಗ್ಲಾಸನ್ನು ಇಟ್ಟು ಅದನ್ನು ತಾಳಿಕೋಟೆ ಮಾಡುತ್ತಾರೆ. ಪಕ್ಕದವರ ಕಡ್ಡಿಪೆಟ್ಟಿಗೆ ರಕ್ಕಸಗಿಯಾಗುತ್ತದೆ, ಅದರೊಳಗಿನ ಒಂದು ಕಡ್ಡಿ ತಂಗಡಗಿಯಾಗುತ್ತದೆ. ಆಮೇಲೆ ತಲೆ ಎತ್ತಿ, “ಗ್ಲಾಸಿಗೂ ಕಡ್ಡಿಪೆಟ್ಟಿಗಿಗೂ ಎಷ್ಟ ದೂರ ಅದ ನೀವ ನೋಡ್ರಿ, ನಾ ಏನೂ ಹೇಳಂಗಿಲ್ಲ” ಎನ್ನುತ್ತಾರೆ.

ತಾಳಿಕೋಟೆಯ ಕಾಳಿನ ವ್ಯಾಪಾರಿಯೊಬ್ಬರು ಅಲ್ಲಿದ್ದರೆ ಸುಮ್ಮನಿರುವುದಿಲ್ಲ. “ಸರ್, ಲಡಾಯಿ ಎಲ್ಲೇ ಆಗಿರ್ಲಿ, ಜಗತ್ತಿಗೆ ಗೊತ್ತಿರೂದು ನಮ್ಮೂರ ಹೆಸರು” ಎಂಬುದು ಅವರ ಉತ್ತರ. ಅದಕ್ಕೆ ಮಾಸ್ತರರು ಒಮ್ಮೆ, “ಹೌದ್ರಿ, ಹೆಸರು ನಿಮ್ಮೂರಿಗೆ, ಹೆಣ ನಮ್ಮೂರಿಗೆ” ಎಂದದ್ದು ನನಗೆ ಈಗಲೂ ನೆನಪಿದೆ. ಅಷ್ಟರಲ್ಲಿ ಅಂಗಡಿಯವನು ಬಂದು ಒಂದೇ ಕೈಯಲ್ಲಿ ಕೃಷ್ಣಾ, ಡೋಣಿ ಎರಡನ್ನೂ ಒರೆಸಿಕೊಂಡು ಹೋದ.

ಇಬ್ಬರು ಸಭ್ಯ ಗೃಹಸ್ಥರು ಒಂದು ಘೋರ ಯುದ್ಧದ ಒಡೆತನಕ್ಕಾಗಿ ಇಷ್ಟು ಆಸೆಪಡುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಈ ವಾದಕ್ಕೆ ವಿಜಯಪುರದಲ್ಲಿ ಇನ್ನೊಂದು ತೊಡಕಿದೆ. ಆ ಯುದ್ಧದಲ್ಲಿ ನಾವು ಗೆದ್ದೆವೋ ಸೋತೆವೋ ಎಂಬುದನ್ನು ಇಲ್ಲಿ ಕುಳಿತು ತೀರ್ಮಾನಿಸುವುದು ಕಷ್ಟ. ಪಠ್ಯಪುಸ್ತಕ ಓದಿದವನ ಮನಸ್ಸು ಹಂಪೆಯ ಕಡೆಗಿರುತ್ತದೆ. ಕುಳಿತ ನೆಲವೋ ಗೆದ್ದ ಸುಲ್ತಾನರಲ್ಲಿ ಒಬ್ಬನಾದ ಮೊದಲನೆಯ ಅಲಿ ಆದಿಲಶಹನದು. ಆ ಅಲಿ ಕೂಡ ಯುದ್ಧಕ್ಕೆ ಕೆಲವು ವರ್ಷಗಳ ಹಿಂದೆ, ರಾಮರಾಯನಿಗೆ ಪುತ್ರಶೋಕವಾದಾಗ ಸ್ವತಃ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿ ಬಂದವನು. ರಾಮರಾಯನ ಮಡದಿ ಅವನನ್ನು ಮಗನೆಂದು ಕರೆದಳೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇದನ್ನು ಯಾರಾದರೂ ನೆನಪಿಸಿದರೆ, ಅದುವರೆಗೆ ಆ ಯುದ್ಧವನ್ನು ಎರಡು ಧರ್ಮಗಳ ಲೆಕ್ಕಕ್ಕೆ ಬರೆಯುತ್ತಿದ್ದವರು ಸ್ವಲ್ಪ ಹೊತ್ತು ಚಹಾ ಆರಿಸಿಕೊಳ್ಳುತ್ತಾರೆ. ಅಲಿಯ ನಂತರ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ‘ಕಿತಾಬ್-ಎ-ನವರಸ್’ ಎಂಬ ತನ್ನ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನು ಸ್ತುತಿಸಿ, ಜನರಿಂದ ಜಗದ್ಗುರು ಎನ್ನಿಸಿಕೊಂಡವನು. ಈ ಊರಿನ ಇತಿಹಾಸ ಯಾವ ಪಕ್ಷದ ವಾದಿಗೂ ಪೂರ್ತಿಯಾಗಿ ಸಾಕ್ಷಿ ಹೇಳುವುದಿಲ್ಲ; ಅರ್ಧ ಹೇಳಿ ಎದುರಿನವನ ಕಡೆಗೆ ಹೊರಳಿಬಿಡುತ್ತದೆ.

ಬಸವಣ್ಣನವರ ಜನ್ಮಸ್ಥಳದ ವಾದ ಇದಕ್ಕಿಂತ ಮೆತ್ತನೆಯದು, ಏಕೆಂದರೆ ಅಲ್ಲಿ ಯಾರಿಗೂ ಜಗಳ ಬೇಡ, ಭಕ್ತಿ ಮಾತ್ರ ಬೇಕು. ಬಸವನ ಬಾಗೇವಾಡಿ ಒಂದು ಕಡೆ, ಇಂಗಳೇಶ್ವರ ಇನ್ನೊಂದು ಕಡೆ. ಇಂಗಳೇಶ್ವರ ತಾಯಿ ಮಾದಲಾಂಬಿಕೆಯ ತವರೆಂದು ಹೇಳುತ್ತಾರೆ. ಒಂದು ಮದುವೆ ಮನೆಯಲ್ಲಿ ಊಟದ ಸರದಿಗೆ ಕಾಯುತ್ತಿದ್ದ ಇಂಗಳೇಶ್ವರದ ಹಿರಿಯರು, ಬಾಣಂತನ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ, ಆದ್ದರಿಂದ ಹುಟ್ಟಿದ್ದು ನಮ್ಮಲ್ಲೇ ಎಂದು ವಾದ ಹೂಡಿದರು. ಬಾಗೇವಾಡಿಯವರು ತಡಮಾಡದೆ, “ಕಾಕಾ, ಅದು ಚೊಚ್ಚಲಕ್ಕ. ಅಕ್ಕನಾಗಮ್ಮ ಮದಲ ಹುಟ್ಟಿದಾಕಿ ಅಲ್ಲೇನ್ರಿ?” ಎಂದು ಕೇಳಿದರು. ಶಾಸನ, ಕಾವ್ಯ, ಪುರಾಣ ಯಾವುದನ್ನೂ ಮುಟ್ಟದೆ ಬರೀ ಬಾಣಂತನದ ನಿಯಮದಿಂದ ಹನ್ನೆರಡನೆಯ ಶತಮಾನವನ್ನು ಇತ್ಯರ್ಥ ಮಾಡುವ ಈ ಕ್ರಮ ವಿದ್ವಾಂಸರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಆದರೆ ಹುಟ್ಟಿದ ವರ್ಷದ ಬಗ್ಗೆ ವಿದ್ವಾಂಸರೂ 1105, 1131, 1134 ಎಂದು ಬೇರೆ ಬೇರೆ ಹೇಳಿರುವಾಗ, ಊಟಕ್ಕೆ ಕುಳಿತವರನ್ನು ಮಾತ್ರ ಆಡಿಕೊಳ್ಳುವುದು ನ್ಯಾಯವಲ್ಲ. ಹೋಳಿಗೆ ಬಡಿಸುತ್ತಿದ್ದ ಅಜ್ಜಿಯೊಬ್ಬರು, “ಬಾಣಂತನ ಮಾಡಿದ ಸೂಲಗಿತ್ತಿನ್ನ ಕೇಳೂದು ಬಿಟ್ಟು ಗಂಡಸರು ಯಾಕ ಬಡದಾಡ್ತೀರೋ ಯಪ್ಪಾ” ಎಂದು ತುಪ್ಪ ಸುರಿದು ಮುಂದಕ್ಕೆ ಹೋದರು.

ಇಂಥ ಕೂಟಗಳಲ್ಲಿ ಮಾತಿಗೊಂದು ವಚನ ಉದುರುತ್ತದೆ. ಆ ವಚನಗಳು ನಮ್ಮ ನಾಲಿಗೆಯ ಮೇಲಿರುವುದಕ್ಕೆ ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳ ಕಟ್ಟುಗಳಿಗಾಗಿ ಮನೆ ಮಠಗಳನ್ನು ಅಲೆದದ್ದು ಕಾರಣ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು; ಅಚ್ಚಿನ ಮನೆಗಾಗಿ ಅವರು ಸ್ವಂತ ಮನೆಯನ್ನೇ ಮಾರಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ವಾದ ಗೆಲ್ಲಲು ವಚನವನ್ನು ಬಳಸುವವರಲ್ಲಿ ಹಳಕಟ್ಟಿಯವರ ಹೆಸರು ಎತ್ತುವವರು ವಿರಳ. ಇದು ನನ್ನ ಒಂದು ಹಳೆಯ ಅಸಮಾಧಾನ, ಇರಲಿ.

ಪುರಾಣಕ್ಕೆ ಬಂದರೆ ಪಾಲಿನ ಪ್ರಶ್ನೆ ಇನ್ನೂ ಸಲೀಸು, ಏಕೆಂದರೆ ಅಲ್ಲಿ ಎಲ್ಲರಿಗೂ ಸಾಲುವಷ್ಟು ಆಸ್ತಿಯಿದೆ. ಬಾದಾಮಿಯವರಿಗೆ ವಾತಾಪಿ, ಇಲ್ವಲ, ಅಗಸ್ತ್ಯರು ಇದ್ದಾರೆ. ಕೆರೆಯ ಹೆಸರೇ ಅಗಸ್ತ್ಯತೀರ್ಥ. ಸವದತ್ತಿಯ ಗುಡ್ಡದಲ್ಲಿ ರೇಣುಕೆ, ಜಮದಗ್ನಿ ಇದ್ದಾರೆ. ಅವರ ಮಗ ಪರಶುರಾಮ ಕ್ಷತ್ರಿಯರನ್ನು ಕೊಂದು ಕೊಡಲಿ ತೊಳೆದದ್ದು ನಮ್ಮೂರ ಮಲಪ್ರಭೆಯಲ್ಲಿ ಎಂದು ಐಹೊಳೆಯವರು ಹೇಳುತ್ತಾರೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಅತ್ತ ಹಂಪೆಯ ಕಡೆಯವರು ಪಂಪಾಸರೋವರದಲ್ಲಿ ಶಬರಿಯನ್ನು ತೋರಿಸುತ್ತಾರೆ. ಎರಡು ಊರಿನವರೂ ಎದುರಾದರೆ, ರಾಮ ಅಲ್ಲಿಗೂ ಬಂದಿರಬಹುದು, ಇಲ್ಲಿಗೂ ಬಂದಿರಬಹುದು, ನಡೆಯುವವನಿಗೆ ಏನು ಕಡಿಮೆ ಎಂದು ಕೊನೆಗೆ ಹೊಂದಾಣಿಕೆಯಾಗುತ್ತದೆ. ಸುಲ್ತಾನರಿಗೆ ಸಿಗದ ಸೌಲಭ್ಯ ಇದು.

ಐಹೊಳೆಯ ಮೇಗುತಿ ಗುಡ್ಡದ ಮೇಲೆ ಒಮ್ಮೆ ಇಬ್ಬರು ಬೀಗರ ನಡುವೆ ನಡೆದ ವಾದ ಇವೆಲ್ಲಕ್ಕಿಂತ ಸ್ವಾರಸ್ಯವಾಗಿತ್ತು. ಬೀಗರಾದ್ದರಿಂದ ದನಿ ಏರಿಸುವಂತಿಲ್ಲ, ಸೋಲುವಂತೆಯೂ ಇಲ್ಲ. ಅಲ್ಲಿನ ಜಿನಾಲಯದ ಹೊರಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಆಸ್ಥಾನಕವಿ ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ಹರ್ಷವರ್ಧನ ಸೋತ ಸಂಗತಿ ಅದರಲ್ಲಿದೆ. ರವಿಕೀರ್ತಿ ತನ್ನ ಕಾಲವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧ ನಡೆದು 3735 ವರ್ಷಗಳು ಕಳೆದಿವೆ, ಶಕರಾಜರ ಕಾಲದ 556 ವರ್ಷಗಳು ಕಳೆದಿವೆ. ಅಂದರೆ ನಮ್ಮ ಲೆಕ್ಕದ 634. ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾಗಿದ್ದ ಬೀಗರು ಅಲ್ಲೇ ನಿಂತು 3735ರಲ್ಲಿ 634ನ್ನು ಕಳೆದು, ಕ್ರಿಸ್ತಪೂರ್ವ 3101ರ ಸುಮಾರಿಗೆ ಕುರುಕ್ಷೇತ್ರ ಯುದ್ಧ ನಡೆಯಿತೆಂದು ಘೋಷಿಸಿದರು. “ಕಲ್ಲಿನ ಮ್ಯಾಲ ಕೆತ್ತ್ಯಾರ ಬೀಗರ, ಕಾಗದಾ ಅಲ್ಲ.” ಇನ್ನೊಬ್ಬ ಬೀಗರು ಕನ್ನಡಕ ತೆಗೆದು ಒರೆಸಿಕೊಂಡು, “ಖರೇರಿ. ಆದ್ರ ಕೆತ್ತಿಸಿದಾಂವ ಆ ಯುದ್ಧ ನೋಡಿ ಬಂದಿದ್ದನೇನ್ರಿ? ಅವಗೂ ಯಾರೋ ಹೇಳಿರಬೇಕು” ಎಂದರು.

ಅವರಿಬ್ಬರೂ ಸರಿಯಾಗಿಯೇ ಹೇಳಿದ್ದರು. ಆ ಕಲ್ಲು ಏಳನೆಯ ಶತಮಾನದವರು ಭಾರತ ಯುದ್ಧಕ್ಕೆ ಯಾವ ಕಾಲವನ್ನು ಕೊಡುತ್ತಿದ್ದರೆಂಬುದಕ್ಕೆ ಗಟ್ಟಿ ಸಾಕ್ಷಿ. ಯುದ್ಧಕ್ಕೇ ಸಾಕ್ಷಿಯೆಂದು ಅದನ್ನು ಕರೆಯಲಾಗದು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಸ್ವತಃ ರವಿಕೀರ್ತಿ. ಜೈನ, ಕಟ್ಟಿಸಿದ್ದು ಜಿನಾಲಯ, ಕಾಲಗಣನೆಗೆ ಹಿಡಿದದ್ದು ಮಹಾಭಾರತದ ಯುದ್ಧ, ಹೊಗಳಿದ್ದು ಚಾಲುಕ್ಯ ದೊರೆಯನ್ನು, ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಗಳ ಕೀರ್ತಿಗೆ ಸಮವೆಂದು ತಾನೇ ಕೆತ್ತಿಸಿ ಬಿಟ್ಟ. ಇತಿಹಾಸ, ಪುರಾಣ, ಧರ್ಮ, ಸಾಹಿತ್ಯ ನಾಲ್ಕನ್ನೂ ಒಂದೇ ಗೋಡೆಯ ಮೇಲೆ ಕೂಡಿಸಿ, ತನ್ನ ಪಾಲನ್ನೂ ತೆಗೆದಿಟ್ಟುಕೊಂಡ ಆ ಮನುಷ್ಯ ಇಂದು ಬದುಕಿದ್ದರೆ ಗಾಂಧಿ ಚೌಕದ ಅಂಗಡಿಯಲ್ಲಿ ಅವನಿಗೆ ಖಾಯಂ ಕುರ್ಚಿಯಿರುತ್ತಿತ್ತು. ಕಾಳಿದಾಸನ ಕಾಲವನ್ನು ಚರ್ಚಿಸುವ ವಿದ್ವಾಂಸರು ಇಂದಿಗೂ ಅವನ ಆ ಜಂಬದ ಸಾಲನ್ನೇ ಹಿಡಿದು, 634ಕ್ಕಿಂತ ಮೊದಲೇ ಕಾಳಿದಾಸ ಪ್ರಸಿದ್ಧನಾಗಿದ್ದನೆಂದು ಹೇಳಬೇಕಾಗಿದೆ. ಜಂಬವೂ ಇತಿಹಾಸಕ್ಕೆ ಆಧಾರವಾಗುತ್ತದೆ, ಕಲ್ಲಿನ ಮೇಲಿದ್ದರೆ.

ವಾದವನ್ನೇ ಕಲೆಯಾಗಿ ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ಹರದೇಶಿ–ನಾಗೇಶಿ ಹಾಡಿಕೆಯನ್ನು ಜಾತ್ರೆಯಲ್ಲಿ ಕೇಳಿದವರಿಗೆ ಅದರ ಗತ್ತು ಗೊತ್ತಿರುತ್ತದೆ. ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹರದೇಶಿಯವರು. ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ನಾಗೇಶಿಯವರು. ರಾತ್ರಿಯೆಲ್ಲ ಸವಾಲಿಗೆ ಸವಾಲು, ಪುರಾಣದ ಮೂಲೆಮೂಲೆಗಳಿಂದ ಹೆಕ್ಕಿ ತಂದ ಒಗಟು, ಎದುರಾಳಿಯ ಮೇಳಕ್ಕೆ ಸಭ್ಯತೆಯ ಅಂಚಿನವರೆಗೂ ಹೋಗುವ ಚೇಷ್ಟೆ. ಅಲ್ಲಿ ಉತ್ತರ ಕೊಡಬೇಕಾದರೆ ಪುರಾಣ ತಿಳಿದಿರಬೇಕು, ತಿಳಿದದ್ದು ತಾಳಕ್ಕೆ ಕೂಡಬೇಕು, ಎದುರಿನವರ ಪದವನ್ನು ಕೊನೆಯವರೆಗೆ ಕೇಳಿರಬೇಕು. ಬೆಳಗಿನ ಜಾವಕ್ಕೆ ಎರಡೂ ಮೇಳದವರು ಕೂಡಿ ಮಂಗಳ ಹಾಡುತ್ತಾರೆ. ಚಹಾದಂಗಡಿಯವರಿಗೆ ತಾಳ ಬೇಡ. ಆ ಮೂರನೆಯ ನಿಯಮವೊಂದನ್ನು ಎರವಲು ತಂದರೂ ಸಾಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಚೆಗೆ ಕೆಲವರು ವಾದಕ್ಕೆ ಫೋನು ಹಿಡಿದುಕೊಂಡು ಬರುತ್ತಾರೆ. ಎಲ್ಲಿಂದಲೋ ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಅದರಲ್ಲಿ ಸಾವಿರಾರು ವರ್ಷಗಳಿರುತ್ತವೆ, ಸಿಟ್ಟೂ ಇರುತ್ತದೆ, ಊರು ಮಾತ್ರ ಇರುವುದಿಲ್ಲ. ಅದರ ಎದುರು ಮಾಸ್ತರರು ಬೆರಳಿಗೆ ಚಹಾ ಹಚ್ಚಿಕೊಂಡು ಯಾವ ನದಿಯನ್ನು ಎಳೆಯಬೇಕು? ಒಮ್ಮೆ ಹೀಗೆ ಓದುತ್ತಿದ್ದ ತರುಣನನ್ನು ಅವರು, “ತಮ್ಮಾ, ಇದು ಎಲ್ಲಿ ನಡೀತು ಅಂತ ಅದರಾಗ ಬರದಾರೇನು?” ಎಂದು ಕೇಳಿದರು. ಅವನು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ, ಇಲ್ಲವೆಂದ. ಅವನಿಗೂ ಚಹಾ ಹೇಳಿದರು, ಮಾತು ಮಲಿಕ್-ಎ-ಮೈದಾನದ ಕಡೆಗೆ ತಿರುಗಿತು.

ಆ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ತೂಕ ಸುಮಾರು 55 ಟನ್. ಪರಾಂಡದ ಕೋಟೆಯಿಂದ ಅದನ್ನು ವಿಜಯಪುರಕ್ಕೆ ತಂದರು. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಆಮೇಲೆ ಹರಾಜು ರದ್ದಾಯಿತು. ಕೊಂಡವನು ಅದನ್ನು ಮನೆಗೆ ಹೇಗೆ ಒಯ್ಯುತ್ತಿದ್ದ ಎಂದು ಕಾಳಿನ ವ್ಯಾಪಾರಿ ಕೇಳಿದರು. ಪರಾಂಡದಿಂದ ತರುವಾಗ ನಾನೂರು ಎತ್ತು, ಹತ್ತು ಆನೆ ಹಚ್ಚಿದ್ದರೆಂಬ ಹೇಳಿಕೆಯನ್ನು ಮಾಸ್ತರರು ನೆನಪಿಸಿದರು. ಅದುವರೆಗೆ ಬಾಯಿ ತೆರೆಯದೆ ಮೂಲೆಯಲ್ಲಿ ಕುಳಿತಿದ್ದ ಇಂಡಿ ಕಡೆಯ ರೈತರೊಬ್ಬರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಬೆಂಚಿನ ತುದಿಗೆ ಸರಿದರು. ನಾನೂರು ಎತ್ತು ಕೂಡಿ ಹೆಜ್ಜೆ ಹಾಕಬೇಕಾದರೆ ಅವು ಒಂದೇ ತಳಿಯವಾಗಿರಬೇಕು, ಅಂಥ ಏರು ದಾರಿಗೆ ಖಿಲಾರಿ ಬಿಟ್ಟು ಬೇರೆ ಎತ್ತು ನಡೆಯುವುದಿಲ್ಲ, ಖಿಲಾರಿ ಎತ್ತು ಆಗಲೂ ನಮ್ಮ ಕಡೆಯಿಂದಲೇ ಹೋಗಿರಬೇಕು ಎಂದು ಅವರು ಶುರುಮಾಡಿದರು.