ಸತ್ಯಾಂಶ: ಪೇಸ್‌ಮೇಕರ್ ಬದಲಿಸಲು ಮತ್ತೆ ಎದೆ ಸೀಳಬೇಕೇ?

‘ಪೇಸ್‌ಮೇಕರ್ ಬ್ಯಾಟರಿ ಯಾವ ಕ್ಷಣದಲ್ಲಾದರೂ ಕೈಕೊಡಬಹುದು, ಬದಲಿಸಲು ಮತ್ತೆ ಎದೆ ಸೀಳಬೇಕು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಪೇಸ್‌ಮೇಕರ್ ಎಂದರೆ ಹೃದಯ ಬಡಿತವನ್ನು ಹದದಲ್ಲಿಡಲು ಸಾಮಾನ್ಯವಾಗಿ ಎದೆಯ ಚರ್ಮದಡಿ ಇಡುವ ಪುಟ್ಟ ಸಾಧನ. ಎರಡೂ ಸರಿಯಲ್ಲ.

ಬ್ಯಾಟರಿ ಸಾಮಾನ್ಯವಾಗಿ 7ರಿಂದ 12 ವರ್ಷ ಬಾಳುತ್ತದೆ, ಸವೆಯುವುದೂ ನಿಧಾನವಾಗಿಯೇ. ಬದಲಿಸುವ ಹೊತ್ತು ಬಂದಾಗ ಸಾಧನವೇ ಸೂಚನೆ ಕೊಡುತ್ತದೆ. ಆಮೇಲೂ ಸುಮಾರು 3 ತಿಂಗಳ ಅವಕಾಶವಿರುತ್ತದೆ. ಆ ಸೂಚನೆ ಸಿಗುವುದು ತಪಾಸಣೆಯಲ್ಲಿ. ಚೆಕಪ್ ತಪ್ಪಿಸುವವರಿಗೆ ಗೊತ್ತಾಗುವುದಾದರೂ ಹೇಗೆ?

ಬ್ಯಾಟರಿಯು ಸಾಧನದ ಡಬ್ಬಿಯೊಳಗೆ ಸೀಲ್ ಆಗಿರುವುದರಿಂದ ಇಡೀ ಡಬ್ಬಿಯನ್ನೇ ಬದಲಿಸುತ್ತಾರೆ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಳೆಯ ಗಾಯದ ಗುರುತಿನ ಬಳಿ ಚರ್ಮ ಕೊಯ್ದು, ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಗಳಾದ ಲೀಡ್‌ಗಳನ್ನು ಪರೀಕ್ಷಿಸುತ್ತಾರೆ. ಚೆನ್ನಾಗಿದ್ದರೆ ಅವನ್ನೇ ಹೊಸ ಡಬ್ಬಿಗೆ ಜೋಡಿಸುತ್ತಾರೆ. ಲೀಡ್ ಕೆಟ್ಟಿದ್ದರೆ ಎಷ್ಟೋ ಸಲ ಹಳೆಯದನ್ನು ಅಲ್ಲೇ ಬಿಟ್ಟು ಪಕ್ಕದಲ್ಲೇ ಹೊಸದನ್ನು ಹಾಕುವುದುಂಟು. ಸೋಂಕು ತಗುಲಿದರೆ ಮಾತ್ರ ಸಾಮಾನ್ಯವಾಗಿ ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆ. ಅದು ನಿಜಕ್ಕೂ ದೊಡ್ಡ ಕೆಲಸ.