ದೊಡ್ಡವ್ವನನ್ನು ಯಾರೂ ಕೇಳಲಿಲ್ಲ

ಯಾದಗಿರಿ ಜಿಲ್ಲೆಯ ಭೀಮಾ ದಂಡೆಯಲ್ಲಿರುವ ನಮ್ಮೂರಿನ ದೊಡ್ಡವ್ವನಿಗೆ 2009ರ ನೆರೆಯ ನಂತರ ಎತ್ತರದ ಜಾಗದಲ್ಲಿ ಹೊಸ ಮನೆ ಸಿಕ್ಕಿತು. ಅದರೊಳಗೆ ಇಂದಿಗೂ ಇರುವುದು ತೊಗರಿ ಚೀಲಗಳು. ಅವಳು ಮಲಗುವುದು ಪಕ್ಕದಲ್ಲಿ ತಾನೇ ಹಾಕಿಸಿಕೊಂಡ ಚಪ್ಪರದಲ್ಲಿ, ಎಮ್ಮೆಯ ಹತ್ತಿರ. ಹಳೆಯ ಮನೆಗೆ ದಪ್ಪನೆಯ ಮಣ್ಣಿನ ಗೋಡೆಯಿತ್ತು, ಬೆಳಕಿಂಡಿಯಿತ್ತು, ಬೇಸಿಗೆಯ ರಾತ್ರಿ ಮಲಗಲು ಮಾಳಿಗೆಯಿತ್ತು. ಹೊಸದರ ಬಾಗಿಲು ತೆರೆದರೆ ರಸ್ತೆ. ಪಡಸಾಲೆಯಿಲ್ಲ, ದನ ಕಟ್ಟಲು ಜಾಗವಿಲ್ಲ, ತೊಗರಿ ಕಟ್ಟಿಗೆ ಒಟ್ಟಲು ಹಿತ್ತಿಲಿಲ್ಲ, ಮೇಲೇರಲು ಮೆಟ್ಟಿಲಿಲ್ಲ. "ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನಲ್ಲ ತಮ್ಮಾ" ಎಂದಳು. ಆ ಮಾತು ನನ್ನನ್ನು ಬಿಟ್ಟಿಲ್ಲ.

ಒಂಬತ್ತು ವರ್ಷಗಳಿಂದ ನಾನು ಗುಜರಾತಿನ ಭುಜ್‌ನಲ್ಲಿದ್ದೇನೆ. 2001ರ ಜನವರಿ 26ರ ಭೂಕಂಪ ನೆಲಕ್ಕುರುಳಿಸಿದ ಊರು ಇದು. ಆಮೇಲೆ ಭುಜ್ ಇರುವ ಕಚ್ ಜಿಲ್ಲೆಯ ಹೆಚ್ಚಿನ ಹಳ್ಳಿಗಳಲ್ಲಿ ಮನೆ ಕಟ್ಟಿಸಿದವರು ಮನೆಯವರೇ. ಸರ್ಕಾರ ಕಂತುಗಳಲ್ಲಿ ಹಣ ಕೊಟ್ಟಿತು, ಎಂಜಿನಿಯರುಗಳು ಹಂತಹಂತಕ್ಕೆ ಬಂದು ನೋಡಿದರು. ಭೂಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳು ಎಷ್ಟೋ ಕಡೆ ಬೀಳದೆ ನಿಂತಿದ್ದವು. ಅವನ್ನು ಕಟ್ಟುವ ಕುಶಲಕರ್ಮಿಗಳ ಜೊತೆ ದುಡಿಯುವ ಹುನ್ನರ್‌ಶಾಲಾ ಸಂಸ್ಥೆ ಹುಟ್ಟಿದ್ದೂ ಆಗಲೇ. ನನ್ನ ಮನೆಯ ಮಾಲೀಕರಾದ ಅಜ್ಜಿ ಆ ದಿನಗಳನ್ನು ಈಗಲೂ ನೆನೆಯುತ್ತಾರೆ. ಬರಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ನೀರಿನ ಕೊಡ ಇಡುವ ಕಟ್ಟೆ, ಇಲ್ಲಿನವರ ಬಾಯಲ್ಲಿ ಪಾಣಿಯಾರು, ಎಲ್ಲಿರಬೇಕೆಂದು ಅವರು ಮೊದಲು ತೋರಿಸಿದರಂತೆ. ಗೋಡೆ ಎದ್ದದ್ದು ಅದಾದ ಮೇಲೆ.

ಕಚ್‌ನಲ್ಲಿಯೂ ಎಲ್ಲವೂ ನೆಟ್ಟಗಿರಲಿಲ್ಲ. ಭುಜ್‌ನ ಬಾಡಿಗೆದಾರರು ಬಹುಕಾಲ ಲೆಕ್ಕಕ್ಕೇ ಬರಲಿಲ್ಲ.

2019ರ ನೆರೆಯ ನಂತರ ನಮ್ಮ ರಾಜ್ಯವೂ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಕಂತುಗಳಲ್ಲಿ ಮನೆಯವರ ಕೈಗೇ ಕೊಡುವ ದಾರಿ ಹಿಡಿಯಿತು. ಅದು ಸರಿಯಾದ ದಾರಿ, ಆದರೆ ಅರ್ಧ ದಾರಿ. ಹಣದ ಜೊತೆ ಊರಿನ ಗವಂಡಿಯೂ ಒಬ್ಬ ಎಂಜಿನಿಯರೂ ಮನೆಯ ಹೆಂಗಸರೂ ಒಂದು ಕಡೆ ಕೂತು ನಕ್ಷೆ ಮಾಡಬೇಕು. ಶಹಾಬಾದ್ ಕಲ್ಲು ನಮ್ಮ ಕಾಲಬುಡದಲ್ಲೇ ಇದೆ, ಸುಡುವ ಬಿಸಿಲಿಗೆ ಮನೆ ಹೇಗಿರಬೇಕೆಂಬ ತಿಳಿವಳಿಕೆ ಮನೆಮನೆಯಲ್ಲಿದೆ. ಕೇಳುವವರು ಬರಬೇಕು, ಅದೂ ಬುನಾದಿ ತೋಡುವ ಮೊದಲೇ.

ಈ ಸಲ ದೊಡ್ಡವ್ವನ ಮನೆಗೆ ಮೆಟ್ಟಿಲು ಕಟ್ಟಿಸಬೇಕೆಂದಿದ್ದೇನೆ. ಯಾವ ಕಡೆಯಿಂದ ಎಂದು ಕೇಳಿದೆ. ಎದ್ದು ಹೋಗಿ ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದಳು. ಒಂದು ಕ್ಷಣ ನೋಡಿ, ಅದನ್ನು ಅಳಿಸಿ, ಒಂದು ಮೊಳ ಆಚೆಗೆ ಮತ್ತೆ ಎಳೆದಳು. "ಎಮ್ಮೆಗೆ ಅಡ್ಡ ಬರಬಾರದು ನೋಡು ತಮ್ಮಾ."