ಕೃತಕ ಕಾಲಿಗೊಂದು ಕಾವಲು

ಕಾವಲು ಕಾಯುವ ವ್ಯಾಪಾರಕ್ಕೆ ನಷ್ಟವೇ ಇಲ್ಲ ನೋಡಿ. ಏನೂ ಆಗಲಿಲ್ಲವಾ, ‘ನಾವಿದ್ದದ್ದಕ್ಕೇ ಆಗಲಿಲ್ಲ’. ಏನಾದರೂ ಆಯ್ತಾ, ‘ಕಾವಲು ಸಾಲದು, ಇನ್ನೂ ಜನ ಬೇಕು’. ಎರಡಕ್ಕೂ ಬಿಲ್ ಉಂಟು. ಈ ವಿದ್ಯೆಯಲ್ಲಿ ಬ್ರಿಟನ್ನಿನ ಜಿ4ಎಸ್ ಕಂಪನಿಯನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ.

ಮನೆತನ ಹಳೆಯದೇ. 1901ರಲ್ಲಿ ಕೋಪನ್‌ಹೇಗನ್ನಿನಲ್ಲಿ ರಾತ್ರಿ ಗಸ್ತು ತಿರುಗುವ ಸಣ್ಣ ಕಂಪನಿಯಾಗಿ ಶುರುವಾಯಿತು. ಒಡೆದು, ಕೂಡಿ, ಗ್ರೂಪ್ 4 ಅನ್ನಿಸಿಕೊಂಡು, 2004ರಲ್ಲಿ ಸೆಕ್ಯೂರಿಕಾರ್ ಎಂಬ ಇನ್ನೊಂದು ಕಾವಲು ಕಂಪನಿ ಜೊತೆ ಸೇರಿ ಜಿ4ಎಸ್ ಆಯಿತು. ನಡುವೆ 1993ರಲ್ಲಿ ಬ್ರಿಟನ್ ಸರ್ಕಾರ ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವ ಕೆಲಸವನ್ನು ಗ್ರೂಪ್ 4ಗೆ ವಹಿಸಿತು. ಕೆಲವೇ ವಾರಗಳಲ್ಲಿ ಕೈದಿಗಳು ಒಬ್ಬರ ಹಿಂದೊಬ್ಬರು ಪರಾರಿ. ಕಂಪನಿಯ ಹೆಸರು ಹೇಳಿದರೆ ಸಾಕು, ಜನ ನಗುತ್ತಿದ್ದರು. ಸರ್ಕಾರ ಮಾತ್ರ ನಗಲಿಲ್ಲ. ಗುತ್ತಿಗೆಗಳನ್ನು ಕೊಡುತ್ತಲೇ ಹೋಯಿತು.

ಅಂಥ ಒಂದು ಗುತ್ತಿಗೆ, ಮನೆಯಲ್ಲೇ ಶಿಕ್ಷೆ ಅನುಭವಿಸುವವರ ಕಾಲಿಗೆ, ಮನೆ ಬಿಟ್ಟು ಹೊರಟರೆ ಸುಳಿವು ಕೊಡುವ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟುವುದು. 2011ರಲ್ಲಿ ಒಬ್ಬ ಮಹಾಶಯ ತನ್ನ ಕೃತಕ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದ. ಸಿಬ್ಬಂದಿ ಬಂದು, ಆ ಕಾಲಿಗೇ ಶ್ರದ್ಧೆಯಿಂದ ಪಟ್ಟಿ ಕಟ್ಟಿ ಹೋದರು. ಉಪಕರಣ ನೋಡಲು ಆಮೇಲೆ ಬಂದವರಿಗೂ ಅನುಮಾನ ಬರಲಿಲ್ಲ. ಹೊರಗೆ ಹೋಗಬೇಕು ಅನ್ನಿಸಿದಾಗ ಆತ ಕಾಲು ಬಿಚ್ಚಿಟ್ಟರೆ ಆಯಿತು. ಕಾಲು ಮಾತ್ರ ಕಾನೂನು ಪಾಲಿಸಿ ಮನೆಯಲ್ಲೇ ಇರುತ್ತಿತ್ತು!

ಇದಾದ ಮರುವರ್ಷವೇ ಲಂಡನ್ ಒಲಿಂಪಿಕ್ಸ್. 28.4 ಕೋಟಿ ಪೌಂಡಿನ ಗುತ್ತಿಗೆ, 10,400 ಕಾವಲುಗಾರರನ್ನು ಒದಗಿಸಬೇಕು. ಕಂಪನಿಯಲ್ಲಿ ಆಗ ಜಗತ್ತಿನಾದ್ಯಂತ ಇದ್ದವರು 6 ಲಕ್ಷಕ್ಕೂ ಜಾಸ್ತಿ. ಆಟ ಶುರುವಾಗಲು ಎರಡು ವಾರ ಇದೆ ಅನ್ನುವಾಗ, ‘ಅಷ್ಟು ಜನ ಸಿಗಲಿಲ್ಲ’ ಅಂದುಬಿಟ್ಟರು. ತಮಾಷೆ ಏನಪ್ಪಾ ಅಂದ್ರೆ, ಅರ್ಜಿ ಹಾಕಿ, ತರಬೇತಿ ಮುಗಿಸಿದ ಎಷ್ಟೋ ಹುಡುಗರು ‘ಡ್ಯೂಟಿ ಎಲ್ಲಿ, ಯಾವಾಗ’ ಅಂತ ಕಾಯುತ್ತಾ ಮನೆಯಲ್ಲೇ ಕೂತಿದ್ದರು. ಕೊನೆಗೆ ಮೊದಲು 3,500, ಆಮೇಲೆ ಇನ್ನೂ 1,200 ಸೈನಿಕರು ಹೆಚ್ಚುವರಿಯಾಗಿ ಬಂದು ಗೇಟಿನಲ್ಲಿ ನಿಂತು ಚೀಲ ತಪಾಸಣೆ ಮಾಡಿದರು.

ಮುಖ್ಯಸ್ಥ ನಿಕ್ ಬಕಲ್ಸ್ ಅವರನ್ನು ಸಂಸದರ ಸಮಿತಿ ಕರೆಸಿತು. ಇದು ದೇಶಕ್ಕೇ ಅವಮಾನ ಅಲ್ಲವೇ ಎಂದು ಕೇಳಿದರೆ, ಇಲ್ಲ ಅನ್ನಲಾರೆ ಎಂದರು. ವಿನಯವಂತರು. ಆದರೆ 5.7 ಕೋಟಿ ಪೌಂಡಿನ ನಿರ್ವಹಣಾ ಶುಲ್ಕ ಬಿಡುತ್ತೀರಾ ಅಂದಾಗ, ಅದನ್ನು ಕೇಳಿಯೇ ಕೇಳುತ್ತೇವೆ ಎಂದರು. ಮದುವೆಗೆ ಅಡುಗೆ ಮಾಡದ ಭಟ್ಟರು ದಕ್ಷಿಣೆಗೆ ಕೈ ಚಾಚಿದ ಹಾಗೆ. (ಆ ಗುತ್ತಿಗೆಯಲ್ಲಿ ಕಂಪನಿಗೆ ಕೊನೆಗೆ ನಷ್ಟವೇ ಆಯಿತು. ಪಾಪ ಅನ್ನಬೇಕೋ ಏನೋ.)

2013ರಲ್ಲಿ ಕಾಲುಪಟ್ಟಿಯ ಲೆಕ್ಕ ತೆಗೆದರು. ಆಗಲೇ ಜೈಲಿಗೆ ವಾಪಸ್ಸಾದವರು, ದೇಶ ಬಿಟ್ಟವರು, ಅಷ್ಟೇ ಯಾಕೆ, ಸತ್ತೇ ಹೋದವರ ಮೇಲೂ ನಿಗಾ ಇಟ್ಟಿದ್ದೇವೆ ಅಂತ ಬಿಲ್ ಹೋಗಿತ್ತು. ಸತ್ತವರು ಮನೆ ಬಿಟ್ಟು ಕದಲದಂತೆ ಕಾಯುವುದು ಸುಲಭದ ಕೆಲಸ, ಒಪ್ಪಬೇಕು. ಮುಂದಿನ ವರ್ಷ ಸುಮಾರು 10.9 ಕೋಟಿ ಪೌಂಡ್ ವಾಪಸ್ ಕೊಡಲು ಒಪ್ಪಿದರು. ಗಂಭೀರ ವಂಚನೆ ತನಿಖಾ ಸಂಸ್ಥೆಯ ವಿಚಾರಣೆ ಇನ್ನೂ ನಡೆಯುತ್ತಿತ್ತು. ಅಷ್ಟರಲ್ಲೇ, 2017ರಲ್ಲಿ, ಕಾಲುಪಟ್ಟಿ ಪೂರೈಸುವ ಹೊಸ ಗುತ್ತಿಗೆ ಸಿಕ್ಕಿದ್ದು ಯಾರಿಗೆ? ಇವರಿಗೇ. ಅನುಭವ ಇದೆಯಲ್ವಾ.

ಇನ್ನು ಬರ್ಮಿಂಗ್‌ಹ್ಯಾಮ್ ಜೈಲು. 2011ರಿಂದ ಇವರದೇ ಕಾರುಬಾರು. 2018ರಲ್ಲಿ ಪರಿವೀಕ್ಷಕರು ಹೋಗಿ ನೋಡಿದರೆ ಸಿಬ್ಬಂದಿಯಲ್ಲಿ ಕೆಲವರು ನಿದ್ದೆಯಲ್ಲಿದ್ದರು, ಕೆಲವರು ಆಫೀಸಿಗೆ ಒಳಗಿನಿಂದ ಬೀಗ ಹಾಕಿಕೊಂಡಿದ್ದರು. ಜೈಲಿನಲ್ಲಿ ಕೂಡಿಹಾಕಬೇಕಾದವರು ಯಾರು ಅನ್ನುವುದು ಸ್ವಲ್ಪ ಅದಲುಬದಲಾಗಿತ್ತು, ಅಷ್ಟೇ. ಪರಿಶೀಲನೆ ನಡೆಯುತ್ತಿರುವಾಗಲೇ, ಭದ್ರವಾಗಿರಬೇಕಾದ ಸಿಬ್ಬಂದಿಯ ಪಾರ್ಕಿಂಗ್ ಜಾಗಕ್ಕೆ ಹೊರಗಿನವರು ನುಗ್ಗಿ ಕಾರುಗಳಿಗೆ ಬೆಂಕಿ ಇಟ್ಟರು. ಸರ್ಕಾರವೇ ಜೈಲನ್ನು ವಾಪಸ್ ತೆಗೆದುಕೊಂಡಿತು.

ಕಾಲುಪಟ್ಟಿ ಪ್ರಕರಣದಲ್ಲಿ ಕಂಪನಿ 3.85 ಕೋಟಿ ಪೌಂಡ್ ದಂಡ ಕಟ್ಟಲು ಒಪ್ಪಿದ್ದು 2020ರ ಜುಲೈನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ವೆಲ್ಲಿಂಗ್‌ಬರೋದಲ್ಲಿ ಕಟ್ಟುತ್ತಿದ್ದ ಹೊಚ್ಚ ಹೊಸ ಜೈಲನ್ನು 10 ವರ್ಷ ನಡೆಸುವ ಗುತ್ತಿಗೆಯನ್ನು ಸರ್ಕಾರ ಕೊಟ್ಟಿತು. ಯಾರಿಗೆ ಅಂತ ಮತ್ತೆ ಕೇಳಬೇಡಿ.